ಶ್ರೀಮಂತರ ಗೋಳಿನ ಕಾದಂಬರಿಗೆ ಮನಸೋತರೆ ತಪ್ಪಾ?

ದುಡ್ಡು, ರೂಪ ಎಲ್ಲ ಇದ್ದೂ ಒಳಗೊಳಗೇ ಹಾಳಾಗುತ್ತಿರುವ ಜನರ ಕಾದಂಬರಿಯೊಂದು ನಿಮಗೆ ಹುಚ್ಚು ಹಿಡಿಸಿದೆ, ಆದರೆ 'ಇವರ ಗೋಳು ಕಟ್ಟಿಕೊಂಡು ನನಗೇನು' ಅಂತ ಮುಜುಗರವೂ ಆಗುತ್ತಿದೆ, ಇದು ಸರಿಯಾ ಅಂತ ಕೇಳಿದ್ದೀರಿ. ಸರಿ ಅಂತಲೇ ನನ್ನ ಉತ್ತರ. ನನಗೂ ಅಂಥದ್ದೊಂದು ಪುಸ್ತಕ ಇದೆ: ಅಮೆರಿಕದ ಕಾದಂಬರಿಕಾರ ಎಫ್. ಸ್ಕಾಟ್ ಫಿಟ್ಜೆರಾಲ್ಡ್‌ನ 'ಟೆಂಡರ್ ಈಸ್ ದ ನೈಟ್', 1934ರಲ್ಲಿ ಬಂದದ್ದು. ಎಲ್ಲರೂ ಅವನದ್ದೇ 'ದ ಗ್ರೇಟ್ ಗ್ಯಾಟ್ಸ್‌ಬಿ' ಹೆಸರು ಹೇಳುತ್ತಾರೆ. ಅದು ಅಚ್ಚುಕಟ್ಟಾದ ಪುಸ್ತಕ, ಒಪ್ಪುತ್ತೇನೆ. ಆದರೆ ನಾನು ಮನಸೋತದ್ದು ಅಲ್ಲಲ್ಲಿ ಅಂಕುಡೊಂಕಾದ ಇದಕ್ಕೆ. (ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.)

ಶುರುವಾಗುವುದು 1925ರ ಬೇಸಿಗೆಯಲ್ಲಿ, ಫ್ರಾನ್ಸಿನ ರಿವಿಯೆರಾ ಕಡಲತೀರದಲ್ಲಿ. ರೋಸ್‌ಮೇರಿ ಅನ್ನುವ ಹುಡುಗಿ, ಇನ್ನೂ 18 ತುಂಬಿಲ್ಲ, ಒಂದು ಸಿನಿಮಾದಿಂದ ಆಗಲೇ ಹೆಸರು ಮಾಡಿದ್ದಾಳೆ. ಅಮ್ಮನ ಜೊತೆ ಹೋಟೆಲಿಗೆ ಬಂದವಳು ಮರಳಿನ ಮೇಲೆ ಕೂತ ಒಂದು ಗುಂಪನ್ನು ನೋಡುತ್ತಾಳೆ. ಜಾಕಿ ಟೋಪಿ ಹಾಕಿಕೊಂಡ ಡಿಕ್ ಡೈವರ್ ಕೈಯಲ್ಲೊಂದು ರೇಕ್ ಹಿಡಿದು ಬಲು ಗಂಭೀರವಾಗಿ ಮರಳಿನಿಂದ ಜಲ್ಲಿ ಗೋರುತ್ತಿದ್ದಾನೆ. ಕೆಲಸವೇನೂ ಇಲ್ಲ, ಅದೊಂದು ನಾಟಕ, ಸುತ್ತಲಿನವರು ನಗುತ್ತಿದ್ದಾರೆ. ಅವನ ಹೆಂಡತಿ ನಿಕೋಲ್‌ಳ ಬಿಸಿಲಿಗೆ ಕಂದಿದ ಬೆನ್ನ ಮೇಲೆ ಮುತ್ತಿನ ಸರ ಹೊಳೆಯುತ್ತಿದೆ. ಅಷ್ಟೇ. ರೋಸ್‌ಮೇರಿ ಬಿದ್ದುಹೋಗುತ್ತಾಳೆ, ಅವಳ ಹಿಂದೆಯೇ ನಾವೂ. ಇವರ ಊಟಕ್ಕೆ ನಮ್ಮನ್ನೂ ಕರೆಯಬಾರದಾ ಅನಿಸಿಬಿಡುತ್ತದೆ.

ನಾವು ಹಾಗೆ ಬೀಳಲಿ ಅಂತಲೇ ಫಿಟ್ಜೆರಾಲ್ಡ್ ಬರೆದಿದ್ದಾನೆ. ಎರಡನೇ ಭಾಗದಲ್ಲಿ ಕಥೆ ಸೀದಾ 1917ರ ಜ್ಯೂರಿಕ್‌ಗೆ ಹಿಂದೆ ಹೋಗುತ್ತದೆ. ಡಿಕ್ ಮನೋವೈದ್ಯ, ನಿಕೋಲ್ ಅಲ್ಲಿಯ ಮಾನಸಿಕ ಚಿಕಿತ್ಸಾಲಯದ ರೋಗಿ. ಷಿಕಾಗೋದ ದೊಡ್ಡ ಶ್ರೀಮಂತನಾದ ಅವಳ ಅಪ್ಪನೇ ಅವಳ ಬಾಳು ಕೆಡಿಸಿದವನು. ಅಕ್ಕನ ಲೆಕ್ಕ ಇನ್ನೂ ಸರಳ: ತಂಗಿಗೆ ಒಬ್ಬ ಡಾಕ್ಟರನ್ನು ಕಟ್ಟಿಬಿಟ್ಟರೆ ಆಯಿತು. ಇಷ್ಟು ಗೊತ್ತಾದ ಮೇಲೆ ಆ ಕಡಲತೀರ ಮತ್ತೆ ಮೊದಲಿನ ಹಾಗೆ ಕಾಣುವುದಿಲ್ಲ. ನಾವು ಮರುಳಾದ ಆ ತಮಾಷೆ, ಆ ಪಾರ್ಟಿ, ಆ ಸೊಗಸು ಎಲ್ಲ ಒಬ್ಬ ಡಾಕ್ಟರು ರೋಗಿಯ ಸುತ್ತ ಹಗಲೂರಾತ್ರಿ ಕಟ್ಟಿದ ಬೇಲಿ! ಮೊದಲೇ ಈ ಜನರನ್ನು ಬೈಯಲು ಶುರು ಮಾಡಿದ್ದರೆ ನಮಗೆ ಈ ಏಟು ಬೀಳುತ್ತಿರಲಿಲ್ಲ, ಅಲ್ವಾ?

ಒಂದು ಎಚ್ಚರಿಕೆ. 1951ರಲ್ಲಿ ವಿಮರ್ಶಕ ಮಾಲ್ಕಮ್ ಕೌಲಿ ಸಂಪಾದಿಸಿದ ಆವೃತ್ತಿಯೊಂದು ಬಂತು, ಲೇಖಕನದ್ದೇ ಟಿಪ್ಪಣಿಗಳನ್ನು ನೆಚ್ಚಿಕೊಂಡು ಕಥೆಯನ್ನು ಕಾಲಕ್ರಮದಲ್ಲಿ ಜೋಡಿಸಿದ್ದು. ಅದರಲ್ಲಿ ಜ್ಯೂರಿಕ್ ಮೊದಲು, ಕಡಲು ಆಮೇಲೆ. ಅಲ್ಲಿಗೆ ಮಜಾ ಮುಗೀತು. ಮೊದಲ ಪುಟದಲ್ಲಿ ರಿವಿಯೆರಾ ಇದ್ದರೆ ಮಾತ್ರ ಓದಿ.

ಇನ್ನು ನಿಮ್ಮ ಮುಜುಗರದ ವಿಷಯ. 1934 ಅಂದರೆ ಅಮೆರಿಕದಲ್ಲಿ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದ ಕಾಲ. ರಿವಿಯೆರಾದ ಸೋಮಾರಿಗಳ ಕಥೆ ಈಗ ಯಾರಿಗೆ ಬೇಕು ಅಂತ ಆಗಲೇ ಕೆಲವು ವಿಮರ್ಶಕರು ಗದರಿದ್ದರು. ಆದರೆ ಪುಸ್ತಕಕ್ಕೆ ಅದು ಗೊತ್ತಿಲ್ಲದ್ದೇನಲ್ಲ. ಪ್ಯಾರಿಸ್‌ನಲ್ಲಿ ನಿಕೋಲ್ ಶಾಪಿಂಗ್ ಮಾಡುವ ಪುಟ ನೋಡಿ. ಬಣ್ಣದ ಮಣಿ, ಜೇನು, ಮಂಚ, ಜೋಡಿ ಹಕ್ಕಿ, ರಬ್ಬರ್ ಮೊಸಳೆ, ಡಜನ್ ಈಜುಡುಗೆ, ಚಿನ್ನ ಮತ್ತು ದಂತದ ಚೆಸ್ ಸೆಟ್. ಕಣ್ಣಿಗೆ ಬಿದ್ದದ್ದೆಲ್ಲ ಬೇಕು. ಓದುತ್ತಾ ನಮಗೂ ಖುಷಿ, ಸುಳ್ಳು ಯಾಕೆ ಹೇಳಲಿ. ಅದೇ ಉಸಿರಿನಲ್ಲಿ ಕಥೆಗಾರ ಹೇಳುತ್ತಾನೆ: ಇವಳಿಗಾಗಿ ಷಿಕಾಗೋದಿಂದ ರೈಲು ಹೊರಡುತ್ತಿತ್ತು, ಕಾರ್ಖಾನೆ ಹೊಗೆಯಾಡುತ್ತಿತ್ತು, ಆಗಸ್ಟ್ ತಿಂಗಳಲ್ಲಿ ಹುಡುಗಿಯರು ಗಡಿಬಿಡಿಯಲ್ಲಿ ಟೊಮೆಟೊ ಡಬ್ಬಿಗೆ ತುಂಬುತ್ತಿದ್ದರು, ಬ್ರೆಜಿಲ್‌ನ ಕಾಫಿ ತೋಟದಲ್ಲಿ ಜನ ದುಡಿಯುತ್ತಿದ್ದರು. ನಿಕೋಲ್ ಮೇಲೆ ಸಿಟ್ಟೂ ಇಲ್ಲ, ಅವಳಿಗೆ ಮಾಫಿಯೂ ಇಲ್ಲ. ಖರ್ಚು ಯಾರ ತಲೆಗೆ ಬಂತು ಅಂತ ಬರೆದಿಟ್ಟು ಸುಮ್ನೆ ಮುಂದಕ್ಕೆ ಹೋಗುತ್ತಾನೆ.

ಫಿಟ್ಜೆರಾಲ್ಡ್‌ಗೂ ಇದೆಲ್ಲ ದೂರದ ವಿಷಯವಾಗಿರಲಿಲ್ಲ. ಹೆಂಡತಿ ಜೆಲ್ಡಾ 1930ರಲ್ಲಿ ಸ್ವಿಟ್ಜರ್ಲೆಂಡಿನ ಚಿಕಿತ್ಸಾಲಯ ಸೇರಿದ್ದಳು. ಕಡಲತೀರದ ಆ ಮೋಡಿಯನ್ನು ಅವನು ತೆಗೆದುಕೊಂಡದ್ದು ಗೆಳೆಯರಾದ ಜೆರಾಲ್ಡ್ ಮತ್ತು ಸಾರಾ ಮರ್ಫಿ ದಂಪತಿಯಿಂದ. ಪುಸ್ತಕ ಅವರಿಗೇ ಅರ್ಪಣೆ, ಆದರೆ ಸಾರಾಗೆ ಅದು ಹಿಡಿಸಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಿಡಿಸುತ್ತಿರಲಿಲ್ಲ.

ಶುರು ಮಾಡಿದವರಿಗೆ ಒಂದು ಮಾತು: ರೋಮ್‌ನ ಭಾಗ ಸ್ವಲ್ಪ ಎಳೆದ ಹಾಗನಿಸಿದರೂ ಬಿಡಬೇಡಿ. ಮೂರನೇ ಭಾಗದಲ್ಲಿ ದೋಣಿಯ ಹಿಂದೆ ಕಟ್ಟಿ ನೀರಿನ ಮೇಲೆ ಎಳೆಯುವ ಹಲಗೆಯ ಮೇಲೆ ಡಿಕ್ ಇನ್ನೊಬ್ಬನನ್ನು ಹೆಗಲಿಗೇರಿಸಿಕೊಂಡು ಎದ್ದು ನಿಲ್ಲಲು ನೋಡುತ್ತಾನೆ. ಹಿಂದೆ ಸಲೀಸಾಗಿ ಮಾಡುತ್ತಿದ್ದ ಕಸರತ್ತು, ಈಗ ರೋಸ್‌ಮೇರಿ ನೋಡುತ್ತಿದ್ದಾಳೆ ಅನ್ನುವ ಚಪಲ ಬೇರೆ. ಮತ್ತೆ ಮತ್ತೆ ಮಾಡುತ್ತಾನೆ, ಆಗುವುದಿಲ್ಲ. ದೋಣಿಯಲ್ಲಿ ಕೂತ ನಿಕೋಲ್‌ಗೆ ಕನಿಕರಕ್ಕಿಂತ ಸಿಟ್ಟೇ ಜಾಸ್ತಿ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟದ ಜಾಗ ಅದು.

ಅಂದ ಹಾಗೆ, ನಿಮಗೆ ಹುಚ್ಚು ಹಿಡಿಸಿದ ಪುಸ್ತಕದ ಹೆಸರೇ ಹೇಳಲಿಲ್ಲವಲ್ಲ, ಯಾವುದದು?