ಓದುಗರ ಪ್ರಶ್ನೆ, ವೈದ್ಯರ ಉತ್ತರ: ಬೆಳಗಿನ ಮೊದಲ ಅರ್ಧ ಗಂಟೆ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಗಿನ ಹೊತ್ತನ್ನು ಕುರಿತಾಗಿದ್ದವು. ಎದ್ದೊಡನೆ ಏನು ಕುಡಿಯಬೇಕು, ಏನು ಓದಬೇಕು, ಮೈಯನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆಗಳವು. ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿಯೂ ಇವೇ ಮಾತುಗಳು ದಿನಕ್ಕೊಮ್ಮೆಯಾದರೂ ಬರುವುದರಿಂದ, ಐದು ಪತ್ರಗಳನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಮೊಬೈಲಿನಲ್ಲಿ ಸುದ್ದಿ ನೋಡುವ ಅಭ್ಯಾಸ ನನಗಿತ್ತು. ಅಪಘಾತ, ಕೊಲೆ, ಯುದ್ಧದ ಸುದ್ದಿ ಓದಿ ಎದೆ ಡವಡವ ಎನ್ನುತ್ತಿತ್ತು, ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗುತ್ತಿದ್ದೆ. ಈಗ ಅದನ್ನು ಬಿಟ್ಟು ಬೆಕ್ಕು, ಪೆಂಗ್ವಿನ್‌ಗಳಂಥ ವಿಚಿತ್ರ, ತಮಾಷೆಯ ಸುದ್ದಿಗಳನ್ನು ಓದುತ್ತಿದ್ದೇನೆ. ಮನಸ್ಸು ಹಗುರವಾಗುತ್ತದೆ. ಆದರೆ ನಮ್ಮ ಮನೆಯವರು, ‘ಲೋಕ ಹೊತ್ತಿ ಉರಿಯುವಾಗ ನಿನಗೆ ಬೆಕ್ಕಿನ ಚಿಂತೆಯೇ?’ ಎಂದು ಕೇಳುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ?
— ಗೃಹಿಣಿ, ಕಾಪು

ಉತ್ತರ: ಖಂಡಿತ ತಪ್ಪಲ್ಲ, ತಂಗಿ. ನಾವು ನಿದ್ದೆಯಿಂದ ಎದ್ದ ಮೇಲೆ ಸುಮಾರು 30ರಿಂದ 45 ನಿಮಿಷಗಳವರೆಗೆ ಕಾರ್ಟಿಸೋಲ್ ಎಂಬ ಹಾರ್ಮೋನಿನ ಪ್ರಮಾಣ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಅದು ಕಾಯಿಲೆಯಲ್ಲ, ದಿನದ ದುಡಿಮೆಗೆ ದೇಹ ತನ್ನನ್ನು ಅಣಿಗೊಳಿಸಿಕೊಳ್ಳುವ ಬಗೆ. ಹೀಗೆ ಮೈ ತಾನಾಗಿಯೇ ಎಚ್ಚೆತ್ತು ನಿಲ್ಲುವ ಹೊತ್ತಿನಲ್ಲಿ ಅಪಾಯದ ಸುದ್ದಿಗಳನ್ನು ಒಂದರ ಮೇಲೊಂದು ಹೇರಿದರೆ, ಸಂಕಟ ನಡೆದದ್ದು ಸಾವಿರಾರು ಮೈಲು ದೂರದಲ್ಲಾದರೂ ಎದೆ ಹೊಡೆದುಕೊಳ್ಳುವುದು ಇಲ್ಲಿಯೇ, ಹಾಸಿಗೆಯ ಮೇಲೆಯೇ.

ಒಂದು ದಿನ ಹಿರಿಯರೊಬ್ಬರು ಅಪಘಾತದ ವಿಡಿಯೊ ನೋಡುತ್ತಲೇ ನನ್ನ ಕೋಣೆಯೊಳಗೆ ಬಂದರು. ಅವರ ರಕ್ತದೊತ್ತಡದ ಮೇಲಿನ ಅಂಕಿ 160 ದಾಟಿತ್ತು. ಒತ್ತಡ ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಮಾತಿಲ್ಲದೆ ಕುಳಿತಿರಬೇಕು ಎಂಬುದು ನಿಯಮ. ಮೊಬೈಲನ್ನು ಅವರ ಚೀಲಕ್ಕೆ ಹಾಕಿಸಿ, ಹೊರಗಿನ ಬೆಂಚಿನಲ್ಲಿ ಕುಳ್ಳಿರಿಸಿದೆವು. ಮತ್ತೆ ಅಳೆದಾಗ 138 ಇತ್ತು. ಅವರಿಗೆ ಅಂದು ಹೊಸ ಮಾತ್ರೆ ಬರೆಯಬೇಕಾಗಲಿಲ್ಲ. ಮನೆಯಲ್ಲಿಯೇ ಬೆಳಗ್ಗೆ ಒತ್ತಡ ನೋಡಿಕೊಳ್ಳುವ ಓದುಗರೂ ಇದನ್ನು ದಯವಿಟ್ಟು ನೆನಪಿಡಬೇಕು.

ಇನ್ನು ನಿಮ್ಮ ಮನೆಯವರ ಆಕ್ಷೇಪ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ನಮ್ಮ ಕರಾವಳಿಯಲ್ಲಿಯೇ, 1843ರ ಜುಲೈ 1ರಂದು, ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಊರ ವರ್ತಮಾನ, ಸರಕಾರದ ನಿರೂಪ, ಹೊರರಾಜ್ಯಗಳ ಸುದ್ದಿಗಳ ಸಾಲಿನಲ್ಲಿ ಹೊಸ ಆಶ್ಚರ್ಯದ ಸುದ್ದಿಗಳಿಗೂ ಆ ಪತ್ರಿಕೆ ಸ್ಥಳ ಕೊಟ್ಟಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಕೆಲವೇ ಪುಟಗಳ ಆ ಪತ್ರಿಕೆಗೆ ಜಾಗದ ಕೊರತೆ ಎಷ್ಟಿದ್ದಿರಬೇಕೆಂದು ಯೋಚಿಸಿ. ಆದರೂ ಓದುಗರು ಬೆರಗಾಗಲಿ ಎಂಬ ಆಸೆ ಅವರಿಗಿತ್ತು. ಗಂಭೀರ ಸುದ್ದಿಯನ್ನು ಓದಬಾರದೆಂದು ನಾನು ಹೇಳುವುದಿಲ್ಲ. ನಾಡಿನ ಆಗುಹೋಗುಗಳನ್ನು ತಿಳಿದಿರುವುದು ನಮ್ಮ ಹೊಣೆ. ತಿಂಡಿಯಾದ ಬಳಿಕ ಹದಿನೈದು ನಿಮಿಷ ಕುಳಿತು ಒಂದು ಒಳ್ಳೆಯ ಪತ್ರಿಕೆಯನ್ನು ಪೂರ್ತಿ ಗಮನದಿಂದ ಓದಿದರೆ, ಹಾಸಿಗೆಯಲ್ಲಿ ಮಲಗಿ ಮುಕ್ಕಾಲು ಗಂಟೆ ಬೆರಳಾಡಿಸಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಹಾಗಾದರೆ ಮೊದಲ ಅರ್ಧ ಗಂಟೆಗೆ ಏನು ಮಾಡಬೇಕು? ಮೊಬೈಲನ್ನು ರಾತ್ರಿಯೇ ಬೇರೆ ಕೋಣೆಯಲ್ಲಿ ಚಾರ್ಜಿಗೆ ಇಡಿ. ಎದ್ದು ಒಂದು ಲೋಟ ನೀರು ಕುಡಿದು ಅಂಗಳಕ್ಕೆ ಬನ್ನಿ. ಮೋಡ ಕವಿದಿದ್ದರೂ ಅಂಗಳದ ಬೆಳಕು ಅಡುಗೆಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಮತ್ತು ಆ ಬೆಳಕು ಕಣ್ಣಿಗೆ ಬಿದ್ದಾಗಲೇ ದೇಹದೊಳಗಿನ ಗಡಿಯಾರ ಹೊಂದಿಕೊಳ್ಳುತ್ತದೆ. ಆ ಗಡಿಯಾರವು ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಸಂದಿದೆ. ಹೂ ಕೊಯ್ಯುವುದೋ, ತುಳಸಿಗೆ ನೀರೆರೆಯುವುದೋ, ಹತ್ತು ಹದಿನೈದು ನಿಮಿಷ ಅಲ್ಲಿಯೇ ಇರಿ. ಆಮೇಲೆ ಅಂಗೈಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿಕೊಂಡು ಮೊಣಕಾಲು, ಹಿಮ್ಮಡಿಗಳಿಗೆ ತಿಕ್ಕಿಕೊಳ್ಳಿ. ಮನೆಮಂದಿಗೆಲ್ಲ ದುಡಿಯುವ ಹೆಂಗಸರು ತಮ್ಮ ಕಾಲನ್ನು ತಾವು ಮುಟ್ಟಿ ನೋಡಿಕೊಳ್ಳುವುದು ಹಿಮ್ಮಡಿ ಒಡೆದು ರಕ್ತ ಬಂದ ಮೇಲೆಯೇ ಎಂಬುದನ್ನು ನಾನು ಬಹಳ ವರ್ಷಗಳಿಂದ ಬೇಸರದಿಂದ ನೋಡುತ್ತಾ ಬಂದಿದ್ದೇನೆ.

ನಿಮ್ಮ ಪೆಂಗ್ವಿನ್ ಸುದ್ದಿಯನ್ನು ತಿಂಡಿಯ ಹೊತ್ತಿಗೆ ಗಟ್ಟಿಯಾಗಿ, ಮನೆಯವರಿಗೂ ಕೇಳುವಂತೆ ಓದಿ. ಇದೊಂದನ್ನು ಓದಿ ನೋಡಿ: ಸ್ಕಾಟ್ಲೆಂಡಿನ ಎಡಿನ್‌ಬರೊ ಮೃಗಾಲಯದಲ್ಲಿ ನಿಲ್ಸ್ ಓಲಾವ್ ಎಂಬ ಪೆಂಗ್ವಿನ್ ಇದೆ. ನಾರ್ವೆಯ ರಾಜರ ಕಾವಲು ಪಡೆಯು 1972ರಲ್ಲಿ ಆ ಹೆಸರಿನ ಮೊದಲ ಪೆಂಗ್ವಿನ್ನನ್ನು ತನ್ನ ಪಡೆಗೆ ದತ್ತು ತೆಗೆದುಕೊಂಡಿತು. ಈಗಿರುವುದು ಮೂರನೆಯದು, ಪದವಿ ಮಾತ್ರ ಏರುತ್ತಲೇ ಬಂದು, 2008ರಲ್ಲಿ ‘ಸರ್’ ಬಿರುದೂ 2023ರಲ್ಲಿ ಮೇಜರ್ ಜನರಲ್ ಹುದ್ದೆಯೂ ಸಿಕ್ಕಿವೆ. ಸಮವಸ್ತ್ರ ತೊಟ್ಟು ಸಾಲಾಗಿ ನಿಂತ ಸೈನಿಕರ ಮುಂದೆ ಆ ಹಕ್ಕಿ, ರೆಕ್ಕೆಯ ಮೇಲೆ ಪದವಿಯ ಲಾಂಛನ ಕಟ್ಟಿಸಿಕೊಂಡು, ಬಹಳ ನಿಧಾನವಾಗಿ ಪರಿಶೀಲನೆಗೆ ನಡೆದುಹೋಗುತ್ತದೆ. ಇದನ್ನು ಕೇಳಿ ನಿಮ್ಮ ಮನೆಯವರು ನಗದಿದ್ದರೆ ನನಗೆ ಪತ್ರ ಬರೆಯಿರಿ.

ಸುದ್ದಿ ಓದುವುದನ್ನು ಬಿಟ್ಟ ಮೇಲೂ ಎದೆಬಡಿತ, ನಿದ್ರಾಹೀನತೆ, ಬೇಸರ ಎರಡು ವಾರಕ್ಕಿಂತ ಹೆಚ್ಚು ಉಳಿದರೆ ಹತ್ತಿರದ ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್ ತೊಂದರೆ, ರಕ್ತಹೀನತೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಮನಸ್ಸಿನ ಭಾರವನ್ನು ಹೇಳಿಕೊಳ್ಳಲು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ: ನಾನು ಮಂಗಳೂರಿನ ಧಕ್ಕೆಯಲ್ಲಿ ಮೀನಿನ ಕೆಲಸಕ್ಕೆ ಹೋಗುವವನು. ನನಗೆ ಬೆಳಗಾಗುವುದು ರಾತ್ರಿ ಎರಡೂವರೆಗೆ. ಬೆಳಗಿನ ಆರೈಕೆಯ ಮಾತುಗಳೆಲ್ಲ ನನ್ನಂಥವರಿಗೆ ಹೇಗೆ ಅನ್ವಯವಾಗುತ್ತವೆ?
— ಓದುಗ, ಉಳ್ಳಾಲ

ಉತ್ತರ: ಒಳ್ಳೆಯ ಪ್ರಶ್ನೆ. ಬೆಳಗಿನ ಆರೈಕೆಯನ್ನು ಹೇಳುವವರೆಲ್ಲ ಆರು ಗಂಟೆಗೆ ಏಳುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತಾರೆ. ನಿಮಗೆ ಮುಖ್ಯವಾದದ್ದು ನಿದ್ದೆಯ ಲೆಕ್ಕ. ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ರಾತ್ರಿ ಏಳೂವರೆಗೆ ಮಲಗಲಾಗದಿದ್ದರೆ, ಮಧ್ಯಾಹ್ನ ಊಟದ ಬಳಿಕ ಕಿಟಕಿಗೆ ದಪ್ಪ ಬಟ್ಟೆ ಇಳಿಬಿಟ್ಟು ಒಂದೂವರೆ ಗಂಟೆ ಮಲಗಿ, ಮತ್ತು ವಾರದ ಎಲ್ಲ ದಿನವೂ ಅದೇ ಹೊತ್ತನ್ನು ಪಾಲಿಸಿ. ಚಹಾವನ್ನು ಬೆಳಗ್ಗೆ ಎಂಟರೊಳಗೆ ಮುಗಿಸಿ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ಬಳಿಕವೂ ರಕ್ತದಲ್ಲಿ ಉಳಿದಿರುತ್ತದೆ. ಕೆಲಸ ಮುಗಿಸಿ ಮೀನಿನ ವಾಸನೆ, ಮಂಜುಗಡ್ಡೆಯ ನೀರು ತೊಳೆದು, ಮೊದಲು ಕೈಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ ಎಣ್ಣೆ ಸವರಿಕೊಳ್ಳಿ. ನಿಮ್ಮ ಅರ್ಧ ಗಂಟೆ ಆಗ ಆರಂಭವಾಗಲಿ. ಗಂಜಿಯ ಬಟ್ಟಲಿನೆದುರು ಕುಳಿತಾಗ ಹೆಂಡತಿ ಮಕ್ಕಳೊಡನೆ ಒಂದು ನಗುವಿನ ಮಾತಿರಲಿ.

ಪ್ರಶ್ನೆ: ಬೆಳಗ್ಗೆ ಖಾಲಿ ಹೊಟ್ಟೆಗೆ ದಿನಕ್ಕೊಂದು ಕಷಾಯ ಕುಡಿಯಬೇಕೆಂದು ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಆಟಿ (ಆಷಾಢ) ಅಮಾವಾಸ್ಯೆಯ ಹಾಲೆ ಕಷಾಯವನ್ನು ತಿಂಗಳಿಡೀ ಕುಡಿಯಬಹುದೇ?
— ಓದುಗರು, ಬ್ರಹ್ಮಾವರ

ಉತ್ತರ: ಬೇಡ. ಹಾಲೆ ಮರದ ಕೆತ್ತೆಯಲ್ಲಿ, ಅಂದರೆ ತೊಗಟೆಯಲ್ಲಿ, ಪ್ರಬಲವಾದ ಸಸ್ಯಕ್ಷಾರಗಳಿವೆ. ಹಿರಿಯರು ವರ್ಷಕ್ಕೊಮ್ಮೆ, ಅದೂ ಸ್ವಲ್ಪವೇ ಕುಡಿದು, ಮೇಲೆ ಮೆಂತೆಯ ಗಂಜಿ ಉಣ್ಣುತ್ತಿದ್ದರು. ನಸುಕಿನಲ್ಲಿ ಕೆತ್ತೆ ತರಲು ಹೋದವರು ಮರ ತಪ್ಪಿ ಕಾಸರಕವೆಂಬ ವಿಷಮರದ ಕೆತ್ತೆ ತಂದರೆ ಅದರಲ್ಲಿರುವ ಸ್ಟ್ರಿಕ್ನಿನ್ ಪ್ರಾಣಕ್ಕೇ ಎರವಾಗುತ್ತದೆ. ಆದ್ದರಿಂದ ಹಿಂದಿನ ದಿನ ಹಗಲಿನಲ್ಲಿಯೇ, ಗೊತ್ತಿರುವವರಿಂದ ಮರವನ್ನು ಗುರುತಿಸಿ ಇಟ್ಟುಕೊಳ್ಳಬೇಕು. ದಿನನಿತ್ಯಕ್ಕೆ ಕುಚ್ಚಲಕ್ಕಿ ಗಂಜಿ, ಜೊತೆಗೆ ತಿಮರೆ (ಒಂದೆಲಗ) ಚಟ್ನಿ ಇದ್ದರೆ ಧಾರಾಳ ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ತೊಡೆಸಂದಿಯಲ್ಲಿ ವೃತ್ತಾಕಾರದ ತುರಿಕೆ. ಅಂಗಡಿಯಿಂದ ತಂದ ಮುಲಾಮು ಹಚ್ಚಿದರೆ ಎರಡೇ ದಿನದಲ್ಲಿ ಕಡಿಮೆ, ಬಿಟ್ಟರೆ ದುಪ್ಪಟ್ಟು. ಏನು ಮಾಡಲಿ?
— ಕಾಲೇಜು ವಿದ್ಯಾರ್ಥಿ, ಮಣಿಪಾಲ

ಉತ್ತರ: ನೀವು ಹೇಳುವ ಲಕ್ಷಣಗಳು ಹುಳುಕಡ್ಡಿಯವು, ಅಂದರೆ ಶಿಲೀಂಧ್ರದ ಸೋಂಕು. ಎರಡು ದಿನದಲ್ಲಿ ತುರಿಕೆ ನಿಲ್ಲಿಸುವ ಮುಲಾಮುಗಳಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಬೆರೆತಿರುತ್ತದೆ. ಅದು ತುರಿಕೆಯನ್ನು ಅಡಗಿಸುತ್ತದೆಯೇ ಹೊರತು ಶಿಲೀಂಧ್ರವನ್ನಲ್ಲ. ಇಂದೇ ಅದನ್ನು ನಿಲ್ಲಿಸಿ, ಚರ್ಮವೈದ್ಯರಿಗೆ ಆ ಟ್ಯೂಬನ್ನೇ ತೋರಿಸಿ, ಅವರು ಹೇಳಿದಷ್ಟು ವಾರ ಔಷಧಿ ಬಳಸಿ. ತುರಿಕೆ ಹೋಯಿತೆಂದು ನಡುವೆ ಬಿಡಬಾರದು. ಸ್ನಾನದ ಬಳಿಕ ಸಂದಿಗಳನ್ನು ಒತ್ತಿ ಒರೆಸಿ, ಪೂರ್ತಿ ಒಣಗದ ಒಳಉಡುಪನ್ನು ಇಸ್ತ್ರಿ ಹಾಕಿಯೇ ತೊಡಿ. ಹಾಸ್ಟೆಲಿನಲ್ಲಿ ಬೈರಾಸನ್ನು (ಟವೆಲನ್ನು) ಯಾರೊಡನೆಯೂ ಹಂಚಿಕೊಳ್ಳಬೇಡಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಶಾಲೆಯ ಬಸ್ಸು ಬರುವ ಮೊದಲು ತಲೆ ಬಾಚುತ್ತಾ ಅವಳಿಗೆ ದಿನವೂ ಒಂದು ಆಶ್ಚರ್ಯದ ಸುದ್ದಿ ಹೇಳುತ್ತೇನೆ. ಮೊನ್ನೆ ಅವಳು, ‘ಅಜ್ಜಿ, ಇದು ನಿಜವಾ?’ ಎಂದು ಕೇಳಿದಳು. ನಿಜವೆಂದು ತಿಳಿಯುವುದು ಹೇಗೆ?
— ಅಜ್ಜಿ, ಕುಂದಾಪುರ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ತಲೆ ಬಾಚಿಸಿಕೊಳ್ಳುತ್ತಾ ಆ ಪ್ರಶ್ನೆ ಕೇಳಿದ ಮಗುವಿಗೆ ನನ್ನ ಮೆಚ್ಚುಗೆ ತಿಳಿಸಿ.

2020ರ ಮಾರ್ಚ್ ತಿಂಗಳಲ್ಲಿ, ಕೊರೋನಾ ಕಾರಣ ಊರುಗಳು ಮುಚ್ಚಿದ್ದಾಗ, ಎರಡು ಸುದ್ದಿ ಲೋಕವನ್ನೆಲ್ಲ ಸುತ್ತಿದವು. ವೆನಿಸ್ಸಿನ ಕಾಲುವೆಗಳಿಗೆ ಡಾಲ್ಫಿನ್ ಬಂದಿವೆ ಎಂಬುದು ಒಂದು. ಬ್ರಿಟನ್ನಿನ ವೇಲ್ಸಿನಲ್ಲಿರುವ ಲಾಂಡುಡ್ನೊ ಪಟ್ಟಣದ ಬೀದಿಗಳಲ್ಲಿ ಕಾಡು ಮೇಕೆಗಳು ತಿರುಗುತ್ತಾ ಮನೆಗಳ ಬೇಲಿಗಿಡ ಮೇಯುತ್ತಿವೆ ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು, ಆ ಡಾಲ್ಫಿನ್‌ಗಳನ್ನು ಚಿತ್ರೀಕರಿಸಿದ್ದು ದೂರದ ಸಾರ್ಡೀನಿಯ ದ್ವೀಪದ ಬಂದರಿನಲ್ಲಿ. ಎರಡನೆಯದು ನಿಜ, ಪಕ್ಕದ ಗುಡ್ಡದ ಮೇಕೆಗಳು ಜನರಿಲ್ಲದ್ದನ್ನು ಕಂಡು ಇಳಿದುಬಂದಿದ್ದವು. ಎರಡೂ ಕೇಳಲು ಒಂದೇ ತೆರನಾಗಿವೆ. ಹೀಗಾಗಿ, ಚಿತ್ರ ತೆಗೆದದ್ದು ಯಾವ ಜಾಗದಲ್ಲಿ, ಯಾವ ದಿನ, ಮೊದಲು ಹೇಳಿದವರು ಯಾರು ಎಂದು ಕೇಳಿಕೊಂಡು, ಅದಕ್ಕೆ ಉತ್ತರವಿರುವ ಸುದ್ದಿಯನ್ನು ಮಾತ್ರ ಮಗುವಿಗೆ ಹೇಳಿ. ಉತ್ತರ ಸಿಗದಿದ್ದರೆ ಇಬ್ಬರೂ ಸೇರಿ ಸಂಜೆ ಹುಡುಕಿ.

ನಾಳೆಗೆ ಬೇಕಾದರೆ ಜಪಾನಿನ ತಾಮಾ ಎಂಬ ಬೆಕ್ಕಿನ ಕಥೆ ಹೇಳಿ. ನಷ್ಟದಲ್ಲಿದ್ದ ಒಂದು ಸಣ್ಣ ರೈಲುಮಾರ್ಗದ ಕಿಶಿ ನಿಲ್ದಾಣಕ್ಕೆ 2007ರಲ್ಲಿ ಅದನ್ನು ಸ್ಟೇಷನ್ ಮಾಸ್ಟರಾಗಿ ನೇಮಿಸಿ ಟೋಪಿ ತೊಡಿಸಿದರು. ಅದನ್ನು ನೋಡಲೆಂದೇ ಪ್ರಯಾಣಿಕರು ಬರತೊಡಗಿದರು. ಸಂಬಳವಾಗಿ ಸಿಗುತ್ತಿದ್ದುದು ಬೆಕ್ಕಿನ ಆಹಾರ. 2015ರಲ್ಲಿ ತಾಮಾ ತೀರಿಕೊಂಡ ಮೇಲೆ ನಿತಾಮಾ ಎಂಬ ಇನ್ನೊಂದು ಬೆಕ್ಕು ಆ ಹುದ್ದೆಗೆ ಬಂತು.

ನಾಡಿದ್ದಿಗೆ ನಮ್ಮದೇ ರಾಜ್ಯದ್ದೊಂದಿದೆ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಅಮೆರಿಕದಲ್ಲಿ ಆರಂಭವಾದ ‘ಇಗ್ ನೊಬೆಲ್’ ಎಂಬ ಬಹುಮಾನವನ್ನು 1991ರಿಂದ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಇಬ್ಬರು ವೈದ್ಯರು, ಚಿತ್ತರಂಜನ್ ಅಂದ್ರಾದೆ ಮತ್ತು ಬಿ. ಎಸ್. ಶ್ರೀಹರಿ, 2001ರಲ್ಲಿ ಅದನ್ನು ಪಡೆದರು. ಹದಿಹರೆಯದವರಲ್ಲಿ ಮೂಗಿಗೆ ಬೆರಳು ಹಾಕುವ ಅಭ್ಯಾಸ ಬಹಳ ಸಾಮಾನ್ಯ ಎಂದು ಅವರು ಶಾಲಾಮಕ್ಕಳನ್ನು ಕೇಳಿ ತಿಳಿದುಕೊಂಡಿದ್ದರು. ಇದನ್ನು ಹೇಳಿದ ದಿನ, ಜಡೆಗೆ ರಿಬ್ಬನ್ ಕಟ್ಟಿದ ಮೇಲೆ, ಬಸ್ಸು ಹತ್ತುವ ಮೊದಲು ಮೊಮ್ಮಗಳ ಕೈಯನ್ನು ಸೋಪಿನಿಂದ ತೊಳೆಸಿ ಕಳುಹಿಸಿ.