ಕಚೇರಿ ಕೊಟ್ಟ ಹೆಸರು: ‘ತಂತ್ರಜ್ಞಾನ ವಿರೋಧಿ’

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಐವತ್ತು ದಾಟಿದ ಈಕೆ ಸಂಸ್ಥೆಯೊಂದರ ಉಗ್ರಾಣದ ಮೇಲ್ವಿಚಾರಕಿ. ಸಮಾಲೋಚನೆಗೆಂದು ನನ್ನ ಬಳಿ ಕಳಿಸಿದ್ದು ಕಚೇರಿಯೇ, ಜೊತೆಗಿದ್ದ ಪತ್ರದಲ್ಲಿ ‘ಹೊಸ ಸಾಫ್ಟ್‌ವೇರ್‌ಗೆ ಸಹಕರಿಸುತ್ತಿಲ್ಲ’ ಎಂದಿತ್ತು.

ಆಕೆ ಕೇಳಿದ ಮೊದಲ ಪ್ರಶ್ನೆ: “ನನ್ನ ಬುದ್ಧಿ ಮಂಕಾಗ್ತಿದೆಯಾ ಮೇಡಂ?” ನಿದ್ದೆ ಕೆಟ್ಟಿತ್ತು. ರಜೆ ಮುಗಿಯುವ ಸಂಜೆ ಎದೆ ಢವಢವ ಎನ್ನುತ್ತಿತ್ತು.

ಎಲ್ಲಿ ತೊಡಕಾಗುತ್ತದೆ, ಒಂದು ನಮೂದು ಮಾಡಿದಂತೆ ಹೇಳಿ ಎಂದೆ. ಬಿಲ್ ಸಂಖ್ಯೆ ತುಂಬದೆ ಯಾವ ದಾಖಲೆಯೂ ಸೇವ್ ಆಗುವುದಿಲ್ಲವಂತೆ. ಬಿಲ್ ಬರುವುದೋ ಎಷ್ಟೋ ಸಲ ಸಾಮಾನು ಇಳಿದ ಮೇಲೆ. ಉಳಿದವರು ನಾಲ್ಕು ಸೊನ್ನೆ ಒತ್ತಿ ಮುಂದೆ ಹೋಗುತ್ತಿದ್ದರು. ಸುಳ್ಳು ಸಂಖ್ಯೆ ಹಾಕಲು ಈಕೆಗೆ ಮನಸ್ಸು ಒಪ್ಪದು. ರಿಜಿಸ್ಟರಿನಲ್ಲಿ ಬರೆದಿಟ್ಟು, ಬಿಲ್ ಬಂದ ಮೇಲೆ ಕಂಪ್ಯೂಟರಿಗೆ ಏರಿಸುತ್ತಿದ್ದರು. ಒಂದೇ ಕೆಲಸ ಎರಡು ಸಲ. ಯಾರದು ಎಷ್ಟು ನಮೂದು ಎಂದು ವಾರವಾರ ನೋಟಿಸ್ ಬೋರ್ಡಿಗೆ ಬರುವ ಪಟ್ಟಿಯಲ್ಲಿ ಕೊನೆಯ ಹೆಸರು ಇವರದೇ.

ಸಾಫ್ಟ್‌ವೇರಿನ ದೋಷ ಕಂಡುಹಿಡಿದವರಿಗೇ ವಿರೋಧಿಯೆಂಬ ಪಟ್ಟ! ದುಡಿಯುವವರು ಒಬ್ಬರು, ಅನುಕೂಲ ಇನ್ನೊಬ್ಬರಿಗೆ ಎಂಬಂತಾದರೆ ಗುಂಪಾಗಿ ಬಳಸುವ ತಂತ್ರಾಂಶ ಸೋಲುತ್ತದೆಂದು ಕಂಪ್ಯೂಟರ್ ಬಳಕೆಯ ಸಂಶೋಧಕ ಜೊನಾಥನ್ ಗ್ರುಡಿನ್ 1988ರಲ್ಲೇ ಬರೆದಿದ್ದರು. ಇಲ್ಲಿಯೂ ವರದಿ ಸಿಗುತ್ತಿದ್ದದ್ದು ಮೇಲಿನವರಿಗೆ, ಹೊರೆ ಮಾತ್ರ ಉಗ್ರಾಣಕ್ಕೆ.

ಆಕೆಗೆ ಹೇಳಿದ್ದಿಷ್ಟು: ಮರೆವಿನ ಲಕ್ಷಣ ನನಗೆ ಕಾಣಲಿಲ್ಲ. ಬಲ್ಲವರೆನಿಸಿಕೊಂಡವರು ಮತ್ತೆ ಅ ಆ ಇ ಈ ಕಲಿಯುವಾಗ ಇಂಥ ಅಳುಕು ಸಹಜ. ಸಿಕ್ಕಿಕೊಂಡ ಕಡೆಯೆಲ್ಲ ಗುರುತು ಹಾಕಿ. ‘ಸಿಸ್ಟಮ್ ಸರಿಯಿಲ್ಲ’ ಎನ್ನುವ ಬದಲು ಬಿಲ್ ಸಂಖ್ಯೆಯ ಆ ಒಂದು ಕಾಲಂ ಹಿಡಿದು ಮಾತಾಡಿ.

ಆಕೆಯ ಒಪ್ಪಿಗೆ ಪಡೆದು ಮ್ಯಾನೇಜರ್ ಜೊತೆಗೂ ಕೂತೆ. “ಮೀಟಿಂಗಲ್ಲಿ ಕೇಳಿದ್ರೆ ಯಾರೂ ಬಾಯೇ ಬಿಡಲ್ಲ” ಎಂದರು ಅವರು. ಹೆಸರು ಬೋರ್ಡಿಗೆ ಬೀಳುವ ಕಡೆ ಯಾರು ಬಾಯಿ ಬಿಟ್ಟಾರು? ಹೃದಯ ಶಸ್ತ್ರಚಿಕಿತ್ಸೆಯ ಹೊಸ ವಿಧಾನವೊಂದನ್ನು 16 ಆಸ್ಪತ್ರೆಗಳು ಅಳವಡಿಸಿಕೊಂಡ ಬಗೆಯನ್ನು ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ್ದರು. ಸೌಲಭ್ಯವಾಗಲಿ ಮುಂದಾಳಿನ ಸ್ಥಾನಮಾನವಾಗಲಿ ಅಲ್ಲಿ ಗೆಲುವನ್ನು ನಿರ್ಧರಿಸಲಿಲ್ಲ. ಒಟ್ಟಿಗೆ ಅಭ್ಯಾಸ ಮಾಡಿ, ನರ್ಸ್‌ಗಳೂ ಅಂಜದೆ ಮಾತಾಡುವಂತಿದ್ದ ತಂಡಗಳಿಗೆ ಹೊಸದು ಕೈಗೆ ಹತ್ತಿತು. ಬೋರ್ಡಿನಿಂದ ಪಟ್ಟಿ ತೆಗೆಯಿರಿ, ತಪ್ಪಿದರೂ ನಷ್ಟವಾಗದಂಥ, ಸಾಫ್ಟ್‌ವೇರಿನ ಒಂದು ಅಭ್ಯಾಸದ ಪ್ರತಿಯನ್ನು ಕೊಡಿ, ಕಾಲಂ ಸರಿಯಾದ ಮೇಲಷ್ಟೇ ರಿಜಿಸ್ಟರ್ ನಿಲ್ಲಿಸುವ ದಿನ ಗೊತ್ತುಮಾಡಿ ಎಂದು ಮ್ಯಾನೇಜರಿಗೆ ಹೇಳಿದೆ.

‘ಬಿಲ್ ಬಾಕಿ’ ಎಂಬ ಆಯ್ಕೆ ಈಗ ಸೇರಿದೆ. ಆಕೆಯ ನಿದ್ದೆ ಸುಧಾರಿಸಿದೆ. ಟೈಪಿಂಗ್ ಇನ್ನೂ ನಿಧಾನವೇ. ಅದನ್ನು ಬೋರ್ಡಿಗೆ ಹಾಕುವುದನ್ನು ಮಾತ್ರ ಕಚೇರಿ ನಿಲ್ಲಿಸಿದೆ.