ದಾಳಿ ಆದ ಮೇಲಿನ ಮೊದಲ ಎರಡು ದಿನ

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನನ್ನದು ಬಟ್ಟೆ ಅಂಗಡಿ. ಕಾಶ್ಮೀರದ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ದಾಳಿ ಆದ ಮೇಲೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೆ ಕೆಲವು ಅಂಗಡಿಗಳ ಪಟ್ಟಿ ಬಂತು, ‘ಇವರ ಹತ್ತಿರ ಏನೂ ಕೊಳ್ಳಬೇಡಿ’ ಅಂತ. ನಮಗೆ ಬಟ್ಟೆ ಹೊಲಿದು ಕೊಡುವ ಟೇಲರ್ ಚಾಚಾ ಅವರ ಹೆಸರೂ ಅದರಲ್ಲಿತ್ತು. ಸಿಟ್ಟು ನನಗೂ ಇದೆ ಸರ್. ಇಂಥ ಹೊತ್ತಲ್ಲಿ ಸರ್ಕಾರ ಏನು ಮಾಡಬೇಕು? ನಮ್ಮಂಥವರು ಏನು ಮಾಡಬೇಕು?

ಉತ್ತರ (ನಿವೃತ್ತ ಪೊಲೀಸ್ ಅಧಿಕಾರಿ): ನಿಮ್ಮ ಸಿಟ್ಟು ತಪ್ಪಲ್ಲ. 2025ರ ಏಪ್ರಿಲ್ 22ರಂದು ಅಲ್ಲಿ 26 ಜನರನ್ನು ಕೊಂದರು. ಅವರಲ್ಲಿ ಕರ್ನಾಟಕದವರೂ ಇದ್ದರು. ಧರ್ಮ ಕೇಳಿ ಹೊಡೆದರು ಅಂತ ಬದುಕಿ ಬಂದವರು ಹೇಳಿದರು. ಯಾಕೆ ಕೇಳಿದರು? ನಾವೂ ನಮ್ಮ ನಮ್ಮ ಊರಲ್ಲಿ ಅದೇ ಪ್ರಶ್ನೆ ಕೇಳಲಿ ಅಂತ. ನಿಮ್ಮ ಗ್ರೂಪಿನ ಪಟ್ಟಿ ಅದನ್ನೇ ಕೇಳಿದೆ. ಪ್ರವಾಸಿಗರನ್ನು ಉಳಿಸಲು ಹೋಗಿ ಅಂದೇ ಪ್ರಾಣ ಬಿಟ್ಟ ಕುದುರೆ ಸವಾರಿ ಮಾಡಿಸುವ ಹುಡುಗ ಮುಸ್ಲಿಂ. ಮರುದಿನ ಕಣಿವೆಯ ಜನ ಅಂಗಡಿ ಮುಚ್ಚಿ ದಾಳಿಯನ್ನು ಖಂಡಿಸಿದರು. ಪಟ್ಟಿ ಬರೆದವರಿಗೆ ಇದು ಬೇಕಾಗಿಲ್ಲ, ಅಲ್ವಾ?

ಸರ್ಕಾರ ಮೆತ್ತಗಾಗಲಿ ಅಂತ ನಾನು ಹೇಳುತ್ತಿಲ್ಲ. ನಿಜವಾದ ಅಪರಾಧಿಯನ್ನೇ ಹಿಡಿಯಲಿ. 2007ರಲ್ಲಿ ಹೈದರಾಬಾದಿನ ಮೆಕ್ಕಾ ಮಸೀದಿಯಲ್ಲಿ ಬಾಂಬ್ ಸಿಡಿದಾಗ ಪೊಲೀಸರು ಮೊದಲು ಹಲವು ಮುಸ್ಲಿಂ ಯುವಕರನ್ನು ಹಿಡಿದರು. ಅವರು ನಿರ್ದೋಷಿಗಳು ಅಂತ ಕೋರ್ಟು ಬಿಟ್ಟಿತು. ಆಮೇಲೆ ತನಿಖೆ ಬೇರೆ ದಾರಿ ಹಿಡಿದು, ಬೇರೆಯವರನ್ನು ಆರೋಪಿಗಳನ್ನಾಗಿ ಮಾಡಿತು. 2018ರಲ್ಲಿ ಆ ಆರೋಪಿಗಳೂ ಖುಲಾಸೆಯಾದರು. ಮಗನನ್ನು ಕಳೆದುಕೊಂಡ ತಾಯಿಗೆ ಯಾರು ಉತ್ತರ ಹೇಳಬೇಕು? ಅವಸರದಲ್ಲಿ ಯಾರನ್ನೋ ಹಿಡಿದರೆ ನಿಜವಾದ ಕೊಲೆಗಾರ ಆರಾಮಾಗಿ ತಪ್ಪಿಸಿಕೊಳ್ಳುತ್ತಾನೆ.

2008ರ ಮುಂಬೈ ದಾಳಿಯಿಂದ ಸರ್ಕಾರ ಕಲಿತದ್ದೂ ಇದೆ. ಅಂದು ಉಗ್ರರ ವಿರುದ್ಧ ಹೋರಾಡುವ ವಿಶೇಷ ಪಡೆಯಾದ ಎನ್‌ಎಸ್‌ಜಿಯ ಕಮಾಂಡೊಗಳು ದೆಹಲಿ ಪಕ್ಕದ ಮಾನೇಸರ್‌ನಿಂದ ಬರಬೇಕಾಗಿ ಬಂತು, ತಲುಪುವಷ್ಟರಲ್ಲಿ ರಾತ್ರಿ ಕಳೆಯಿತು. ಆಮೇಲೆ ಮುಂಬೈ, ಹೈದರಾಬಾದಿನಂಥ ಕಡೆಯೂ ಅವರ ಕೇಂದ್ರ ಶುರುವಾದವು. ಉಗ್ರರ ಪ್ರಕರಣಗಳನ್ನು ತನಿಖೆ ಮಾಡುವ ಕೇಂದ್ರದ ಸಂಸ್ಥೆ ಎನ್‌ಐಎ ಹುಟ್ಟಿದ್ದೂ ಆಗಲೇ. ಅಂದು ಟಿ.ವಿ.ಯ ಲೈವ್ ಪ್ರಸಾರ ನೋಡಿಕೊಂಡೇ ಗಡಿಯಾಚೆ ಕೂತವರು ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ಕೊಟ್ಟರು. ಈಗ ಕಾರ್ಯಾಚರಣೆ ನಡೆಯುವಾಗ ಚಾನೆಲ್‌ಗಳು ಲೈವ್ ತೋರಿಸುವಂತಿಲ್ಲ. ನಿಮ್ಮ ಮೊಬೈಲ್ ಕೂಡ ಒಂದು ಚಾನೆಲ್ಲೇ. ಪೊಲೀಸರು, ಸೈನಿಕರು ಓಡಾಡುವ ವಿಡಿಯೊ ಹಾಕಬೇಡಿ. ಅಧಿಕಾರಿಗಳು ಮಾತ್ರ ಸುಮ್ನೆ ಕೂರಬಾರದು. ಗೊತ್ತಿದ್ದದ್ದನ್ನು, ಗೊತ್ತಿಲ್ಲದ್ದನ್ನೂ ಆಗಾಗ ಹೇಳುತ್ತಿರಬೇಕು. ಅವರು ಬಾಯಿ ಬಿಡದಿದ್ದರೆ ಗಾಳಿಸುದ್ದಿ ಜಾಸ್ತಿ ಆಗುತ್ತದೆ.

ಗಾಳಿಸುದ್ದಿ ಏನು ಮಾಡುತ್ತದೆ ಅಂತ ನಮ್ಮ ಭಾಗಕ್ಕೆ ಯಾರೂ ಪಾಠ ಹೇಳಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಅವನ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಕಾರಿನಲ್ಲಿ ತಪ್ಪಿಸಿಕೊಂಡು ಹೊರಟವರಿಗಿಂತ ಮೊದಲೇ ಮೆಸೇಜು ಮುಂದಿನ ಊರು ಮುಟ್ಟಿತ್ತು.

ಈಗ ನಿಮ್ಮ ಕೆಲಸ. ಆ ಪಟ್ಟಿ ಡಿಲೀಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಡಿ. ಕೋಮುಗಳ ಮಧ್ಯೆ ದ್ವೇಷ ಹಚ್ಚುವುದು ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 196ನೇ ಕಲಂ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲಾಗಬಹುದು. ಅನುಮಾನದ ಬ್ಯಾಗು ಕಂಡರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ. ಮುಂದಿನ ಶಾಂತಿ ಸಭೆಗೆ ಚಾಚಾ ಅವರನ್ನೂ ಕರೆದುಕೊಂಡು ಹೋಗಿ, ಮುಂದಿನ ಸಾಲಲ್ಲೇ ಕೂರಿ. ಅಂಗಡಿಯ ಹೊಲಿಗೆಯನ್ನು ಎಂದಿನಂತೆ ಅವರಿಗೇ ಕೊಡಿ.